ತೂತಿಲ್ಲದ ಚಿಟ್ಟೆ ವನ

"ಇನ್ನು ಮೂರೇ ತಿಂಗಳು! ಚಿಟ್ಟೆಗಳು ನಮ್ಮ ಗೇಟಿನ ಮುಂದೆ ಸಾಲಾಗಿ ನಿಂತು ಜಾಗ ಕೇಳ್ತಾವೆ, ನೋಡ್ತಿರು!" ಎಂದು ರಫೂ ಮಾಸ್ಟರು ಘೋಷಿಸಿದಾಗ, ಕಾಳು ಆರಿಸುತ್ತಿದ್ದ ಹೆಂಡತಿ ತಲೆಯನ್ನೂ ಎತ್ತಲಿಲ್ಲ.

ಹರಿದ ಬಟ್ಟೆಗೆ ಎಳೆಗೆ ಎಳೆ ಕೂಡಿಸಿ ರಫೂ ಹಾಕುವುದರಲ್ಲಿ ಮಾಸ್ಟರಿಗೆ ಸರಿಸಾಟಿ ಇರಲಿಲ್ಲ. ತೂತು ಎಲ್ಲಿತ್ತು ತೋರಿಸಿ ಎಂದು ಬಟ್ಟೆಯ ಒಡೆಯನಿಗೇ ಸವಾಲು ಹಾಕುತ್ತಿದ್ದರು. ಮೂವತ್ತೈದು ವರ್ಷ ತೂತುಗಳ ಮೇಲೆ ಯುದ್ಧ ಸಾರಿದ ಈ ವೀರರನ್ನು ಚಿಟ್ಟೆಗಳ ಕಡೆ ತಿರುಗಿಸಿದವಳು ಮಗಳು. ಶಾಲೆಯಲ್ಲಿ ಆಗಷ್ಟೇ ಟೀಚರ್ ಆಗಿ ಸೇರಿದ್ದ ಅವಳು, "ಅಪ್ಪ, ಈ ಮಣ್ಣಲ್ಲೇ ಹುಟ್ಟೋ ಗಿಡ ಹಾಕಿ. ಚಿಟ್ಟೆ ತಾವಾಗೇ ಬರ್ತಾವೆ" ಎಂದು ಒಂದು ಪುಸ್ತಕ ಕೊಟ್ಟಿದ್ದಳು. ಗಿಡ ನೆಡುವ ಅಧ್ಯಾಯವನ್ನು ಮಾಸ್ಟರು ಬಾಯಿಪಾಠ ಮಾಡಿದರು. ಮುಂದಿನ ಅಧ್ಯಾಯದ ಹೆಸರು 'ಹುಳುಗಳು'. ಹುಳ ಕಿತ್ತು ಬಿಸಾಡುವುದನ್ನೂ ನನಗೆ ಪುಸ್ತಕ ಕಲಿಸಬೇಕೇ ಎಂದು ಅಲ್ಲಿಗೇ ಪುಸ್ತಕ ಮಡಚಿಟ್ಟರು.

ಮರುದಿನವೇ ಅಂಗಳದಲ್ಲಿದ್ದ ಹೆಂಡತಿಯ ಗುಲಾಬಿಗಳಿಗೆ ಗಡೀಪಾರು! ಅಳತೆ ಟೇಪು ಹಿಡಿದು, ಗೆರೆ ಕೊರೆದಂತೆ ಹದಿನಾಲ್ಕು ಎಕ್ಕದ ಗಿಡ ನೆಟ್ಟರು. ಗೇಟಿಗೆ 'ಚಿಟ್ಟೆ ವನ' ಎಂಬ ಬೋರ್ಡು ಬಂತು.

"ಗುಲಾಬಿ ಕಿತ್ತು ಎಕ್ಕ ನೆಟ್ಟವರನ್ನ ಇವತ್ತೇ ಕಂಡಿದ್ದು" ಎಂದಳು ಹೆಂಡತಿ. "ಹಿತ್ತಲಲ್ಲಿ ಬಟ್ಟೆ ಒಗೆಯೋ ಕಲ್ಲಿನ ಹತ್ರ ಅದೇ ಗಿಡ ತಾನಾಗೇ ಎದ್ದಿದೆಯಲ್ಲ?"

"ಅದು ಕಳೆ ಕಣೇ! ಇದು ವನ!"

ಗಿಡಗಳು ಚೆನ್ನಾಗಿಯೇ ಚಿಗುರಿದವು. ಒಂದು ಬೆಳಿಗ್ಗೆ ನೋಡುತ್ತಾರೆ, ಎಲೆಯಲ್ಲಿ ತೂತು! ಮಾಸ್ಟರು ಕನ್ನಡಕ ಏರಿಸಿ ಬಗ್ಗಿದರು. ಎಲೆಯಡಿ ಕಪ್ಪು, ಹಳದಿ ಪಟ್ಟೆಯ ಹುಳವೊಂದು ಮದುವೆ ಮನೆಯ ನೆಂಟನಂತೆ ತಿನ್ನುತ್ತಿತ್ತು. ಅಂದಿನಿಂದ ಮಾಸ್ಟರದು ದಿನವೂ ಒಂದೇ ಕೆಲಸ. ಚಿಮಟದಿಂದ ಹುಳ ಹಿಡಿಯುವುದು, ಅಂಗಿ ಗುಂಡಿ ಇಡುವ ಡಬ್ಬಿಗೆ ಹಾಕುವುದು, ತೂತಾದ ಎಲೆ ಕತ್ತರಿಸುವುದು. ಕೊಲ್ಲಲು ಮನಸ್ಸು ಬಾರದೆ ಡಬ್ಬಿಯನ್ನು ಹೆಂಡತಿಗೆ ಕೊಟ್ಟು, "ಬೀದಿ ತುದಿಗೆ ಬಿಟ್ಟು ಬಾ" ಎನ್ನುತ್ತಿದ್ದರು. "ಹ್ಞೂಂ" ಎಂದು ಅವಳು ಹಿತ್ತಲ ಬಾಗಿಲಿಂದ ಹೋಗುತ್ತಿದ್ದಳು.

ಎಲೆಗಳು ಇಸ್ತ್ರಿ ಮಾಡಿದಂತೆ ಹೊಳೆದವು. ಚಿಟ್ಟೆ ಮಾತ್ರ ನಾಪತ್ತೆ! ಅಪ್ಪಿತಪ್ಪಿ ಒಂದು ಬಂದರೂ ಕೂತು ಎದ್ದು ಹೋಗುತ್ತಿತ್ತು. ಮಾಸ್ಟರಿಗೆ ತಲೆಬುಡ ತಿಳಿಯಲಿಲ್ಲ. ಗಿಡ ಇದೆ, ಹೂವಿದೆ, ಬೋರ್ಡೂ ಇದೆ! ಬೋರ್ಡು ಮೇಲಿಂದ ಕಾಣಿಸುತ್ತಿಲ್ಲವೇನೋ ಎಂದು ಅದನ್ನು ಆಕಾಶದ ಕಡೆ ಓರೆ ಮಾಡಿದರು. ದಾರಿಹೋಕರು ಕತ್ತು ಓರೆ ಮಾಡಿ ಓದಿಕೊಂಡು ಹೋದರೇ ಹೊರತು ಚಿಟ್ಟೆ ಬರಲಿಲ್ಲ.

ಅಷ್ಟರಲ್ಲಿ ಮಗಳ ಫೋನು. "ಅಪ್ಪ, ಶನಿವಾರ ಇಪ್ಪತ್ತೆರಡು ಮಕ್ಕಳನ್ನ ಕರ್ಕೊಂಡು ಬರ್ತೀನಿ. ಹೆಡ್ ಮೇಡಂ ಒಪ್ತಾನೇ ಇರ್ಲಿಲ್ಲ, ನಮ್ಮಪ್ಪನ ತೋಟದಲ್ಲಿ ಚಿಟ್ಟೆ ತೋರಿಸೇ ತೋರಿಸ್ತೀನಿ ಅಂತ ಮಾತು ಕೊಟ್ಟಿದ್ದೀನಿ. ಚಿಟ್ಟೆ ಇವೆ ತಾನೇ?"

"ಬೇಕಾದಷ್ಟು!" ಎಂದುಬಿಟ್ಟರು ಮಾಸ್ಟರು. ಫೋನಿಟ್ಟ ಮೇಲೆ ಚಿಂತೆ ಹತ್ತಿತು. ತಮ್ಮ ಮಾನ ಹಾಗಿರಲಿ, ಮಗಳ ಮಾತು ಸುಳ್ಳಾದರೆ ಅವಳು ಶಾಲೆಯಲ್ಲಿ ಹೇಗೆ ತಲೆಯೆತ್ತುವುದು?

ಶನಿವಾರ ಬಂದೇ ಬಂತು. ಮಕ್ಕಳು ಗಿಡ ನೋಡಿದರು, ಬೋರ್ಡು ನೋಡಿದರು, ಮಾಸ್ಟರ ಮುಖ ನೋಡಿದರು.

"ತಾತ, ಚಿಟ್ಟೆ?"

"ಈಗಷ್ಟೇ... ಹೊರಗೆ ಹೋಗಿವೆ."

ಮಗಳ ಮುಖ ಬಾಡಿತು. ಅವಳು ಒಂದು ಎಲೆ ತಿರುಗಿಸಿದಳು, ಇನ್ನೊಂದನ್ನು ತಿರುಗಿಸಿದಳು. "ಅಪ್ಪ, ಒಂದು ಎಲೇಲೂ ತೂತಿಲ್ವಲ್ಲ! ಹುಳ ಎಲ್ಲಿ?"

"ಹುಳಾನಾ?" ಮಾಸ್ಟರು ಎದೆ ಉಬ್ಬಿಸಿದರು. "ನಾನಿರೋವಾಗ ಹುಳಕ್ಕೆ ಏನು ಧೈರ್ಯ! ದಿನಾ ಒಂದೂ ಬಿಡದೆ ಕಿತ್ತು ಹಾಕಿದ್ದೀನಿ."

"ಅಯ್ಯೋ ಅಪ್ಪಾ! ಆ ಹುಳಾನೇ ಚಿಟ್ಟೆ ಆಗೋದು!"

ಮಾಸ್ಟರು ಎಕ್ಕದ ಸಾಲನ್ನೊಮ್ಮೆ, ತಮ್ಮ ಕೈಯನ್ನೊಮ್ಮೆ ನೋಡಿಕೊಂಡರು. ಸಾಲುಸಾಲು ಚಿಟ್ಟೆಗಳನ್ನು ಸ್ವಂತ ಕೈಯಿಂದಲೇ ಗುಂಡಿ ಡಬ್ಬಿಗೆ ತುಂಬಿ ಓಡಿಸಿದ್ದರು!

ಆಗ ಹಿತ್ತಲಿಂದ ಕೂಗು ಕೇಳಿಸಿತು. ನೀರು ಕುಡಿಯಲು ಹೋದ ಮಕ್ಕಳು ಕುಣಿಯುತ್ತಿದ್ದರು. ಒಗೆಯುವ ಕಲ್ಲಿನ ಪಕ್ಕದ ಆ 'ಕಳೆ' ಗಿಡದಲ್ಲಿ ಎಲೆಗಿಂತ ತೂತೇ ಹೆಚ್ಚು. ಅದರ ಮೇಲೆ, ಬಟ್ಟೆ ಹಗ್ಗದ ಮೇಲೆ, ಮಾಸ್ಟರ ಹಳೆಯ ಕೋಟಿನ ತೋಳಿನ ಮೇಲೆ ಕೂಡ ಕಿತ್ತಳೆ ಬಣ್ಣದ ಚಿಟ್ಟೆಗಳು!

"ಬೀದಿ ತುದಿ ತನಕ ದಿನಾ ಯಾರು ನಡೀತಾರೆ?" ಎಂದಳು ಹೆಂಡತಿ. "ಇಲ್ಲೇ ಸುರೀತಿದ್ದೆ. ಪಾಪ, ತಿನ್ಕೊಂಡಿದ್ವು."

ಮಗಳು ಅಮ್ಮನನ್ನು ಅಪ್ಪಿಕೊಂಡಳು. ಮಾಸ್ಟರು ಸದ್ದಿಲ್ಲದೆ ಹೋಗಿ ಬೋರ್ಡು ಕಿತ್ತು ತಂದು ಒಗೆಯುವ ಕಲ್ಲಿಗೆ ಒರಗಿಸಿದರು.

ಈಗಲೂ ದಿನಾ ಬೆಳಿಗ್ಗೆ ಅದೇ ಗುಂಡಿ ಡಬ್ಬಿ, ದಾರಿ ಮಾತ್ರ ತಿರುಗಾಮುರುಗಾ. ಹಿತ್ತಲ ಹುಳಗಳನ್ನು ಹೊತ್ತು ತಂದು ಅಂಗಳದ ಗಿಡಗಳ ಮೇಲೆ ಬಿಟ್ಟು, ಮಾಸ್ಟರು ಅವುಗಳ ಮುಂದೆಯೇ ಕುಕ್ಕರುಗಾಲಲ್ಲಿ ಕೂರುತ್ತಾರೆ. ಮೊನ್ನೆ ಹರಿದ ಶಾಲು ತಂದ ಗಿರಾಕಿಯೊಬ್ಬರು, "ಮಾಸ್ಟರು ಏನು ಮಾಡ್ತಿದ್ದಾರೆ?" ಎಂದು ಕೇಳಿದರು.

ಹೆಂಡತಿ ಕಾಳಿನಿಂದ ತಲೆಯೆತ್ತದೆ ಹೇಳಿದಳು: "ಸ್ವಲ್ಪ ಇರಿ. ತೂತು ಮುಚ್ಚೋ ಕೆಲಸ ಆಮೇಲೆ. ಈಗ ತೂತು ಬೀಳಲಿ ಅಂತ ಕೈಮುಗಿದು ಕೂತಿದ್ದಾರೆ!"