ಎ ಟೀಮಿಗೆ ಜರಿ ಅಂಚಿನ ಜರ್ಸಿ

“ಸಂಕ್ರಾಂತಿ ಒಳಗೆ ನನ್ನ ಮಗ ಎ ಟೀಮಲ್ಲಿ ಆಡ್ತಾನೆ! ಇಲ್ಲಾಂದ್ರೆ ನಾನು ಸೀನಪ್ಪನೇ ಅಲ್ಲ!”

ದೊಡ್ಡಬಳ್ಳಾಪುರದಲ್ಲಿ ನಾಲ್ಕು ಪವರ್‌ಲೂಮುಗಳ ಒಡೆಯನಾದ ಸೀನಪ್ಪ ಹೀಗೆ ಭೀಷ್ಮಪ್ರತಿಜ್ಞೆ ಮಾಡಿದಾಗ ಹೆಂಡತಿ ನಾಗಲಕ್ಷ್ಮಮ್ಮ ಹುರುಳೀಕಾಯಿ ಸೋಸುತ್ತಿದ್ದಳು.

“ಹೆಸ್ರು ಬದಲಾದ್ರೆ ರೇಷನ್ ಕಾರ್ಡು ತಿದ್ದಿಸ್ಬೇಕಾಗುತ್ತೆ ಕಣ್ರೀ. ಯೋಚ್ನೆ ಮಾಡಿ,” ಎಂದಳು.

ಊರಿನ ಫುಟ್‌ಬಾಲ್ ಕ್ಲಬ್ಬಿನಲ್ಲಿ ಎ, ಬಿ, ಸಿ ಎಂದು ಮೂರು ಟೀಮು. ಹತ್ತು ವರ್ಷದ ಸಂಜೀವ ಇದ್ದದ್ದು ಸಿ ಟೀಮಿನಲ್ಲಿ. ಎ ಟೀಮಿನಲ್ಲಿ ಮಿಂಚಿದವರನ್ನು ಬೆಂಗಳೂರಿನ ಕಾರ್ಖಾನೆಗಳು ತಮ್ಮ ಟೀಮಿಗೆ ಸೇರಿಸಿಕೊಳ್ಳುತ್ತವೆಂದು ಸೀನಪ್ಪ ಕೇಳಿದ್ದ. ಚೆಂಡು ಒದ್ದದ್ದಕ್ಕೆ ಸಂಬಳ, ಮುದುಕನಾದ ಮೇಲೆ ಪಿಂಚಣಿ! ಕರೆಂಟು ಬಂದಾಗ ಎದ್ದು, ಹೋದಾಗ ಮಲಗುವ ಮಗ್ಗದ ಬಾಳು ಮಗನಿಗೆ ಬಾರದಿರಲಿ ಎಂಬುದೇ ಅವನ ಹಗಲಿರುಳಿನ ಆಸೆ.

ಕ್ಲಬ್ಬಿನ ಕೋಚ್ ಕೋದಂಡರಾಮಯ್ಯ ಮೇಷ್ಟ್ರನ್ನು ಕಂಡು, “ಎ ಟೀಮಿಗೆ ಏನು ಬೇಕು ಮೇಷ್ಟ್ರೇ?” ಎಂದು ಕೇಳಿದ.

“ಮೈಯಲ್ಲಿ ಕಸುವು ಬೇಕಪ್ಪಾ. ಆಮೇಲೆ ಹೊಸಾ ಜರ್ಸಿ ಬೇಕು, ಇರೋವು ಚಿಂದಿಯಾಗವೆ.”

ಸೀನಪ್ಪ ಎರಡನ್ನೂ ಹೆಗಲಿಗೇರಿಸಿಕೊಂಡ. ಜರ್ಸಿ ಕೊಟ್ಟವನ ಮಗನನ್ನು ಬೇಡವೆನ್ನಲು ಮೇಷ್ಟ್ರಿಗೆ ಬಾಯಿ ಬರುತ್ತದೆಯೇ? ಅಂದಿನಿಂದ ಮಗನಿಗೆ ಬೆಳಿಗ್ಗೆ ಬೆಣ್ಣೆ, ಮಧ್ಯಾಹ್ನ ತುಪ್ಪ, ಸಂಜೆ ಕೊಬ್ಬರಿ ಬೆಲ್ಲ. ಇತ್ತ ಮಗ್ಗದಿಂದ ಗಿಣಿಹಸಿರಿನ ಸೀರೆಗಳು ಇಳಿದು, ಜರಿ ಅಂಚಿನ ಸಮೇತ ದರ್ಜಿಯ ಅಂಗಡಿ ಸೇರಿದವು.

“ಅಳತೆ?” ಎಂದ ದರ್ಜಿ.

ಕಣ್ಣ ತುಂಬ ಮಗನನ್ನೇ ತುಂಬಿಕೊಂಡಿದ್ದ ಸೀನಪ್ಪ ಸಂಜೀವನ ಸ್ಕೂಲಿನ ಅಂಗಿ ಎಸೆದು, “ಹನ್ನೊಂದೂ ಇದೇ ಥರಾ ಹೊಲಿ!” ಎಂದುಬಿಟ್ಟ. ದಾನದ ಹುಮ್ಮಸ್ಸಿನಲ್ಲಿ ಕ್ಲಬ್ಬಿನ ಹಳೇ ಜರ್ಸಿಗಳನ್ನೂ ಹೊತ್ತು ತಂದು ಮಗ್ಗದ ಎಣ್ಣೆ ಒರೆಸಲು ಹರಿದುಹಾಕಿದ.

ಸಂಕ್ರಾಂತಿಗೆಂದು ಇಟ್ಟಿದ್ದ ಪಂದ್ಯದ ದಿನ ಬೆಂಗಳೂರಿನ ಟೀಮು ಬಂದಿಳಿಯಿತು. ಊರಿಗೆ ಊರೇ ಮೈದಾನದಲ್ಲಿ! ಮೀಸೆ ಚಿಗುರುತ್ತಿದ್ದ ಎ ಟೀಮಿನ ಹುಡುಗರಿಗೆ ಮೇಷ್ಟ್ರು ಹೊಸ ಜರ್ಸಿ ಹಂಚಿದರು. ಕ್ಯಾಪ್ಟನ್ನಿನ ತಲೆ ಒಳಗೆ ಹೋಯಿತು, ಆಚೆ ಬರಲಿಲ್ಲ. ಉಳಿದವರಿಗೆ ತೋಳೇ ಏರಲಿಲ್ಲ. ಜರ್ಸಿಯಿಲ್ಲದೆ ಆಟವಿಲ್ಲ ಎಂದು ರೆಫರಿ ಪಟ್ಟು ಹಿಡಿದ.

“ಹಳೇವು ಎಲ್ಲಪ್ಪಾ ಸೀನಪ್ಪಾ?”

“ಎಣ್ಣೆ ಒರೆಸ್ಬಿಟ್ಟೆ ಮೇಷ್ಟ್ರೇ...”

ಮೇಷ್ಟ್ರು ಹಲ್ಲು ಕಡಿದರು. “ಯಾರ ಮೈಗೆ ಹಿಡಿಸುತ್ತೋ ಅವ್ರೇ ಇವತ್ತು ಎ ಟೀಮು! ಬರ್ರಲಾ ಸಿ ಟೀಮಿನೋರು!”

ದೇವರು ಕಣ್ಣು ಬಿಟ್ಟ! ಸೀನಪ್ಪ ಆನಂದದಿಂದ ಮಗನನ್ನು ಮುಂದಕ್ಕೆ ದಬ್ಬಿದ. ಸಿ ಟೀಮಿನ ಹತ್ತು ಹುಡುಗರು ಮದುವಣಿಗರಂತೆ ಮಿರಮಿರ ಮಿಂಚುತ್ತ ಮೈದಾನಕ್ಕಿಳಿದರು. ಸಂಜೀವನ ಜರ್ಸಿ ಮಾತ್ರ ಹೊಟ್ಟೆಯ ಮೇಲೆ ನಿಂತುಬಿಟ್ಟಿತು. ಬೆಣ್ಣೆ, ತುಪ್ಪ, ಕೊಬ್ಬರಿಗಳು ಒಂದಾಗಿ ಅಡ್ಡ ನಿಂತಿದ್ದವು. ಬಿ ಟೀಮಿನ ಪೀಚಲು ಹುಡುಗನೊಬ್ಬ ಅದನ್ನು ಕಿತ್ತು ತೊಟ್ಟುಕೊಂಡು ಓಡಿದ.

ಆ ಚಿಳ್ಳೆಪಿಳ್ಳೆಗಳು ಆರು ಗೋಲು ತಿಂದರೂ ಒಂದು ಹೊಡೆದರು. ಜನ ಅವರನ್ನು ಹೆಗಲ ಮೇಲೆ ಹೊತ್ತು ಕುಣಿದರು. ಮೇಷ್ಟ್ರೂ ಕರಗಿದರು. “ದೊಡ್ಡೋರು ಹೆಂಗೂ ಮಗ್ಗಕ್ಕೆ ಹೋಗೋರು. ಇನ್ಮೇಲೆ ಈ ಹುಡುಗ್ರೇ ನಮ್ಮ ಎ ಟೀಮು!”

“ನನ್ನ ಮಗನ ಭವಿಷ್ಯ ಮೇಷ್ಟ್ರೇ?” ಸೀನಪ್ಪ ಮೇಷ್ಟ್ರ ತೋಳು ಹಿಡಿದ.

“ಹತ್ತು ವರ್ಷದ ಮಗೀನ ಭವಿಷ್ಯ ಯಾವನು ಕಂಡವ್ನೆ? ಆ ವಯಸ್ಸಲ್ಲಿ ನಾನೂ ಎ ಟೀಮೇ. ಈಗ ನೋಡು, ನಿನ್ನ ಜರ್ಸಿ ಹಂಚ್ತಾ ನಿಂತಿವ್ನಿ!”

ಮನೆಗೆ ಬಂದ ಸಂಜೀವ ಬಿಕ್ಕಿ ಬಿಕ್ಕಿ ಅತ್ತ.

“ಅಳಬೇಡ ಮಗಾ, ಮುಂದಿನ ವರ್ಷ ನಿನ್ನೂ ಸೇರಿಸ್ತೀನಿ.”

“ಎ ಟೀಮು ಯಾರಿಗೆ ಬೇಕಪ್ಪಾ? ನನ್ನ ಜೊತೆಯೋರೆಲ್ಲ ಹೋಗ್ಬಿಟ್ರು. ಸಿ ಟೀಮಲ್ಲಿ ನಾನೊಬ್ನೇ ಉಳ್ಕೊಂಡಿದ್ದೀನಿ!”

ನಾಗಲಕ್ಷ್ಮಮ್ಮ ಗಂಡನ ಕೈಗೆ ಚೆಂಡು ಕೊಟ್ಟಳು.

ಮರುದಿನ ಸಂಜೆ ನಾಲ್ಕು ಮಗ್ಗಗಳ ಒಡೆಯ ಪಂಚೆ ಎತ್ತಿ ಕಟ್ಟಿ, ಗೋಲಿನ ಮುಂದೆ ನಿಂತ. ಮಗ ಒದ್ದ ಮೊದಲ ಚೆಂಡು ಅವನ ಕಾಲ ಸಂದಿಯಲ್ಲಿ ನುಸುಳಿಹೋಯಿತು; ತಡೆಯಲು ಹೋದವನು ಮಕಾಡೆ ಬಿದ್ದ!

ಸಂಜೀವ ಓಡಿಬಂದು ಅಪ್ಪನನ್ನು ಎಬ್ಬಿಸಿ ಎದೆಯ ಧೂಳು ಕೊಡವಿದ.

“ಪರವಾಗಿಲ್ಲ ಬಿಡಪ್ಪಾ. ಎಲ್ರೂ ಸಿ ಟೀಮಿಂದ್ಲೇ ಶುರು ಮಾಡೋದು!”