ಅತ್ತೆಯ ಸೊಂಟಕ್ಕೊಂದು ಕವಚ

ಹೊಡೆಯುವುದು ನನ್ನ ಉದ್ಯೋಗ. ಗಾಬರಿಯಾಗಬೇಡಿ, ಮನುಷ್ಯರನ್ನಲ್ಲ. ಮೋಟಾರ್ ಸೈಕಲ್ ಓಡಿಸುವವರು, ಗೋಲ್ ಕಾಯುವ ಆಟಗಾರರು ಮೊಣಕಾಲಿಗೋ ಸೊಂಟಕ್ಕೋ ಕಟ್ಟಿಕೊಳ್ಳುತ್ತಾರಲ್ಲ, ಅಂಥ ಪ್ಯಾಡುಗಳನ್ನು ತಯಾರಿಸುವ ಕಾರ್ಖಾನೆಯಲ್ಲಿ ನಾನು ಪರೀಕ್ಷಾ ವಿಭಾಗದ ಹಿರಿಯ ಸಹಾಯಕ. (ವಿಭಾಗದಲ್ಲಿ ಇರುವುದು ನಾನೊಬ್ಬನೇ. ಹಿರಿಯನೂ ನಾನೇ, ಕಿರಿಯನೂ ನಾನೇ.) ಬೆಳಿಗ್ಗೆ ಒಂಬತ್ತರಿಂದ ಸಂಜೆ ನಾಲ್ಕೂವರೆಯವರೆಗೆ ಐದು ಕಿಲೋ ಕಬ್ಬಿಣದ ಗುಂಡನ್ನು ಒಂದು ಮೀಟರ್ ಎತ್ತರದಿಂದ ಪ್ಯಾಡಿನ ಮೇಲೆ ಬಿಡುತ್ತೇನೆ, ಕೆಳಗೆ ಎಷ್ಟು ಪೆಟ್ಟು ಇಳಿಯಿತೆಂದು ಯಂತ್ರದ ಮುಳ್ಳು ನೋಡಿ ಬರೆದುಕೊಳ್ಳುತ್ತೇನೆ. ಹತ್ತೊಂಬತ್ತು ವರ್ಷದಿಂದ ದಿನವಿಡೀ ಹೀಗೆ ಗುಡುಗಿ ಮನೆಗೆ ಬಂದರೆ, ಅಲ್ಲಿ ಬಾಗಿಲನ್ನು ಸ್ವಲ್ಪ ಜೋರಾಗಿ ಹಾಕುವ ಅಧಿಕಾರವೂ ನನಗಿಲ್ಲ.

ಈ ವರ್ಷ ನಮ್ಮಲ್ಲಿಗೆ ಒಂದು ಹೊಸ ಹಾಳೆ ಬಂತು. ಕಿತ್ತಳೆ ಬಣ್ಣ, ಕಿರುಬೆರಳಿನ ದಪ್ಪ. ಎತ್ತಿ ಹಿಡಿದರೆ ಕಲಸಿಟ್ಟ ಹಿಟ್ಟಿನ ಹಾಗೆ ಜೋತುಬೀಳುತ್ತದೆ, ಬೆರಳಿಟ್ಟು ಒತ್ತಿದರೆ ಮೆತ್ತಗೆ ಒಳಗೆ ಬಿಟ್ಟುಕೊಳ್ಳುತ್ತದೆ. ಇದು ಯಾರನ್ನು ಕಾಪಾಡೀತು ಎಂದು ಮೂಗು ಮುರಿಯುತ್ತಲೇ ಗುಂಡು ಬಿಟ್ಟೆ. ಠಕ್ ಎಂದು ಸದ್ದಾಯಿತು. ಹಿಟ್ಟಿನ ಮೇಲೆ ಬಿದ್ದ ಸದ್ದಲ್ಲ ಅದು, ಹಲಗೆಯ ಮೇಲೆ ಬಿದ್ದ ಸದ್ದು. ಯಂತ್ರದ ಮುಳ್ಳು ಅರ್ಧ ದಾರಿಗೂ ಹೋಗಿರಲಿಲ್ಲ. ಮುಟ್ಟಿ ನೋಡಿದರೆ ಹಾಳೆ ಏನೂ ಆಗದಂತೆ ಮತ್ತೆ ಮೆತ್ತಗೆ ಮಲಗಿದೆ. ನಾನು ಗುಂಡನ್ನು ನೆಲಕ್ಕಿಟ್ಟು ಸ್ಟೂಲಿನ ಮೇಲೆ ಕುಳಿತುಬಿಟ್ಟೆ.

ನಿಧಾನಕ್ಕೆ ಬಂದರೆ ಅದರೊಳಗಿನ ಕಣಗಳು ಸರಿದು ದಾರಿ ಬಿಡುತ್ತವಂತೆ, ಏಕಾಏಕಿ ನುಗ್ಗಿದರೆ ಸರಿಯಲು ಪುರುಸೊತ್ತಿಲ್ಲದೆ ಒಂದನ್ನೊಂದು ಹಿಡಿದುಕೊಂಡು ಗಟ್ಟಿಯಾಗಿ ನಿಲ್ಲುತ್ತವಂತೆ. ಹಾಗೆಂದು ಮ್ಯಾನೇಜರು ವಿವರಿಸಿದರು. ನನಗೆ ಅರ್ಥವಾದದ್ದು ಇಷ್ಟೇ: ಒಂದು ವಸ್ತುವಿಗೆ ತಾನು ಯಾವಾಗ ಮೆತ್ತಗಿರಬೇಕು, ಯಾವಾಗ ಗಟ್ಟಿಯಾಗಬೇಕು ಎಂಬ ತಿಳಿವಳಿಕೆ ಇದೆ. ಐವತ್ತೆರಡು ವರ್ಷದಲ್ಲಿ ನನಗೆ ಬಾರದ ವಿದ್ಯೆ ಅದು. ಆ ದಿನ ಊಟದ ಹೊತ್ತಿನಲ್ಲೂ ಎದ್ದು ಹೋಗಿ ಅದನ್ನು ಎರಡು ಸಲ ಮುಟ್ಟಿ ಬಂದೆ.

ಸಂಜೆ ಮನೆಗೆ ಹೋಗುವ ದಾರಿಯಲ್ಲಿ ನನಗೆ ಅತ್ತೆಯ ಸೊಂಟ ನೆನಪಾಯಿತು.

ನನ್ನ ಅತ್ತೆ, ಅಂದರೆ ಹೆಂಡತಿಯ ತಾಯಿ, ಮೂವತ್ತನಾಲ್ಕು ವರ್ಷ ಶಾಲಾ ಮಕ್ಕಳ ಸಮವಸ್ತ್ರ ಹೊಲಿದವರು. ಎಂಟು ತಿಂಗಳ ಹಿಂದೆ ನಮ್ಮ ಬಚ್ಚಲಿನಲ್ಲಿ ಜಾರಿ ಬಿದ್ದರು. ಸೊಂಟದ ಮೂಳೆ ಬಿರುಕು ಬಿಟ್ಟಿತ್ತು. ಮೂಳೆಯೇನೋ ಕೂಡಿಕೊಂಡಿತು, ಧೈರ್ಯ ಕೂಡಿಕೊಳ್ಳಲಿಲ್ಲ. ಮಂಚದಿಂದ ಕುರ್ಚಿಗೆ, ಕುರ್ಚಿಯಿಂದ ಬಚ್ಚಲಿಗೆ, ಅದೂ ಒಂದು ಕೈಯಲ್ಲಿ ಕೋಲು, ಇನ್ನೊಂದು ಕೈಯಲ್ಲಿ ಮಗಳು. ಬೀದಿಯ ಕೊನೆಯಲ್ಲಿ ಬಟನ್ ಅಂಗಡಿ ಇಟ್ಟುಕೊಂಡಿರುವ ಅವರ ಗೆಳತಿಗೆ ಮಂಡಿನೋವು. ಅವರು ಮೇಲೆ ಹತ್ತಲಾರರು, ಇವರು ಕೆಳಗೆ ಇಳಿಯಲಾರರು. ನಡುವೆ ಇಪ್ಪತ್ತು ಮೆಟ್ಟಿಲು. ದಿನಾ ಸಂಜೆ ಭೇಟಿಯಾಗಿ ಜಗಳವಾಡುತ್ತಿದ್ದವರು ಈಗ ಫೋನಿನಲ್ಲಿ ಕ್ಷೇಮ ವಿಚಾರಿಸಿಕೊಂಡು ಇಟ್ಟುಬಿಡುತ್ತಾರೆ. ಫೋನಿನಲ್ಲಿ ಜಗಳ ಸರಿಯಾಗಿ ಬರುವುದಿಲ್ಲವಂತೆ.

ವ್ಯಾಯಾಮ ಹೇಳಿಕೊಡಲು ಬರುವ ಡಾಕ್ಟರಮ್ಮ ಹಿಂದಿನ ವಾರವಷ್ಟೇ ನಮ್ಮಿಬ್ಬರನ್ನು ಅಡುಗೆಮನೆಗೆ ಕರೆದು ಹೇಳಿದ್ದರು. ಇನ್ನೆರಡು ತಿಂಗಳು ಹೀಗೇ ಕೂತರೆ ಕಾಲಿನ ಶಕ್ತಿ ಪೂರ್ತಿ ಇಳಿದುಹೋಗುತ್ತದೆ, ಆಮೇಲೆ ತಾನು ಬಂದೂ ಪ್ರಯೋಜನವಿಲ್ಲ ಎಂದು. ನನ್ನ ಹೆಂಡತಿ ಅವತ್ತು ಪಾತ್ರೆ ತೊಳೆಯುತ್ತಾ ಅತ್ತಳು. ನಾನು ಒರೆಸುತ್ತಾ ನಿಂತಿದ್ದೆ, ಪಾತ್ರೆಯನ್ನು.

ಗುಂಡಿನ ಪೆಟ್ಟು ತಿಂದ ಹಾಳೆಗಳನ್ನು ನಮ್ಮಲ್ಲಿ ಮಾರುವಂತಿಲ್ಲ, ಎಸೆಯಬೇಕು. ಮ್ಯಾನೇಜರನ್ನು ಕೇಳಿ ಒಂದು ಹಾಳೆ ಮನೆಗೆ ತಂದೆ. ಅತ್ತೆಯ ಕುರ್ಚಿಯ ಮುಂದೆ ಸ್ಟೂಲು ಎಳೆದು, ಒಂದು ಮೊಟ್ಟೆಯನ್ನು ಹಾಳೆಯಲ್ಲಿ ಸುತ್ತಿ, ಈ ಯುಗದ ಮಹದಾಶ್ಚರ್ಯವನ್ನು ನೋಡಿ ಎಂದು ಭಾಷಣ ಮಾಡಿ, ಸುತ್ತಿಗೆಯಿಂದ ಒಂದೇ ಏಟು ಹಾಕಿದೆ. ಬಿಚ್ಚಿ ತೋರಿಸಿದರೆ ಮೊಟ್ಟೆ ಇಡಿಯಾಗಿತ್ತು. ಅತ್ತೆ ಕನ್ನಡಕ ಸರಿಮಾಡಿಕೊಂಡು ಮೊಟ್ಟೆಯನ್ನು ತಿರುಗಿಸಿ ತಿರುಗಿಸಿ ನೋಡಿದರು. ಎಂಟು ತಿಂಗಳಲ್ಲಿ ಅವರು ಯಾವುದನ್ನಾದರೂ ಅಷ್ಟು ಗಮನವಿಟ್ಟು ನೋಡಿದ್ದು ಅದೇ ಮೊದಲು.

ನನ್ನ ಹೆಂಡತಿ ಮಾತ್ರ ಮೊಟ್ಟೆಯನ್ನು ಮತ್ತೆ ಸುತ್ತಿ, ಹೆಬ್ಬೆರಳಿಟ್ಟು, ಅವಸರವಿಲ್ಲದೆ ಒತ್ತುತ್ತಾ ಹೋದಳು. ಪಿಚಕ್ ಎಂದಿತು.

"ಇಷ್ಟೇನಾ?" ಅಂದಳು. "ಜೋರು ಮಾಡಿದ್ರೆ ಕಲ್ಲಾಗುತ್ತೆ, ಮೆಲ್ಲಗೆ ಒತ್ತಿದ್ರೆ ಬಗ್ಗುತ್ತೆ. ಇಂಥದ್ದನ್ನ ಕಟ್ಟಿಕೊಂಡು ಇಪ್ಪತ್ತಾರು ವರ್ಷ ಸಂಸಾರ ಮಾಡಿದ್ದೀನಿ ರೀ."

ಅತ್ತೆ ನಕ್ಕರು. ನಾನು ಒಡೆದ ಮೊಟ್ಟೆಯನ್ನು ಒರೆಸಲು ಬಟ್ಟೆ ತಂದೆ.

ಮೂರು ಸಂಜೆ ಕೂತು ನಾನೇ ಒಂದು ಸೊಂಟಪಟ್ಟಿ ಹೊಲಿದೆ. ಎಡಕ್ಕೊಂದು ಬಲಕ್ಕೊಂದು ಜೇಬು, ಜೇಬಿನೊಳಗೆ ಅಂಗೈ ಅಗಲದ ಕಿತ್ತಳೆ ತುಂಡು. ಅತ್ತೆ ಅದನ್ನು ಕೈಯಲ್ಲಿ ಹಿಡಿದು, ಈ ಹೊಲಿಗೆ ಹಾಕುವಾಗ ಅಳಿಯಂದಿರು ಬಸ್ಸಿನಲ್ಲಿ ನಿಂತಿದ್ದರೇ ಎಂದು ಮಗಳನ್ನು ಕೇಳಿದರು. ಆದರೆ ಕಟ್ಟಿಕೊಂಡರು. ಕಟ್ಟಿಕೊಂಡು, ಕೋಲೂರಿ, ಮಗಳ ಕೈ ಬಿಟ್ಟು, ನಡುಮನೆಯಲ್ಲಿ ಕಿಟಕಿಯವರೆಗೆ ಏಳು ಹೆಜ್ಜೆ ನಡೆದರು. ನಾನು ಎರಡೂ ಕೈ ಚಾಚಿ ಹಿಂದೆಯೇ ನಡೆದೆ. ಕಿಟಕಿಯ ಬಳಿ ಹೋಗಿ ಬೀದಿ ನೋಡುತ್ತಾ ನಿಂತ ಆ ಬೆನ್ನನ್ನು ಕಂಡಾಗ ಆ ಕಿತ್ತಳೆ ತುಂಡಿಗೆ ಕೈ ಮುಗಿಯಬೇಕೆನ್ನಿಸಿತು.

ಎರಡನೇ ವಾರಕ್ಕೆ ಮೆಟ್ಟಿಲು. ಇಲ್ಲಿ ನನ್ನ ಬುದ್ಧಿ ಚುರುಕಾಯಿತು. ಇಳಿಯುವಾಗ ಮನುಷ್ಯ ಬೀಳುವುದು ಮುಂದಕ್ಕೆ, ಹಾಗಿದ್ದಮೇಲೆ ಹಿಡಿಯುವವನು ಹಿಂದೆ ಇದ್ದು ಏನು ಫಲ? ಆದ್ದರಿಂದ ನಾನು ಅತ್ತೆಯ ಮುಂದೆ, ಅವರಿಗೆ ಮುಖ ಮಾಡಿ, ಎರಡೂ ತೋಳು ಅಗಲಿಸಿಕೊಂಡು ಒಂದೊಂದೇ ಮೆಟ್ಟಿಲನ್ನು ಹಿಮ್ಮುಖವಾಗಿ ಇಳಿಯತೊಡಗಿದೆ. ಇಳಿಯುತ್ತಲೇ ಧೈರ್ಯ ಹೇಳುತ್ತಿದ್ದೆ, ಪೆಟ್ಟು ಬಿದ್ದರೆ ಕಣಗಳು ಹೇಗೆ ಒಂದನ್ನೊಂದು ಹಿಡಿದುಕೊಳ್ಳುತ್ತವೆ ಎಂದು ಕೈಯಾಡಿಸಿ ವಿವರಿಸುತ್ತಿದ್ದೆ. ಅತ್ತೆ ನನ್ನ ಕಾಲನ್ನೇ ನೋಡುತ್ತಾ, ಸಾಕು ಅಳಿಯಂದ್ರೇ, ಮುಂದೆ ನೋಡ್ಕೊಂಡು ನಡೀರಿ ಎನ್ನುತ್ತಿದ್ದರು. ನನ್ನ ಮುಂದೆ ಅವರೇ ಇದ್ದರು, ಇನ್ನೆಲ್ಲಿ ನೋಡಲಿ ಎಂದು ನನ್ನ ವಾದ. ಮೊದಲ ದಿನ ಮೂರು ಮೆಟ್ಟಿಲು, ಮರುದಿನ ಐದು, ಆಮೇಲೆ ತಿರುವಿನವರೆಗೆ ಹನ್ನೊಂದು.

ಆ ದಿನಗಳಲ್ಲಿ ನನ್ನ ಶರೀರದಲ್ಲೂ ಕೆಲವು ಬದಲಾವಣೆ ಕಂಡವು. ಕೆಲಸದಿಂದ ಬಂದು ಹಾಕಿಕೊಳ್ಳುವ ಹಳೆಯ ಕಂದು ಪ್ಯಾಂಟು ಹಿಂಭಾಗದಲ್ಲಿ ಬಿಗಿಯಾಗತೊಡಗಿತು. ವಯಸ್ಸಾಯಿತು, ಬೊಜ್ಜು ಕೂತಿದೆ ಎಂದು ಊಟದಲ್ಲಿ ಎರಡನೇ ಸಲ ಬಡಿಸಿಕೊಳ್ಳುವುದನ್ನು ಬಿಟ್ಟೆ. ಹಸಿದುಕೊಂಡು ಮಲಗಿದೆ, ಪ್ಯಾಂಟು ಸಡಿಲವಾಗಲಿಲ್ಲ. ಇನ್ನೊಂದು ವಿಚಿತ್ರವೆಂದರೆ, ನಮ್ಮ ಮನೆಯ ಮರದ ಕುರ್ಚಿ ಸಂಜೆಯ ಹೊತ್ತು ಮೊದಲಿಗಿಂತ ಮೆತ್ತಗೆನಿಸುತ್ತಿತ್ತು. ಮನಸ್ಸು ಸಂತೋಷವಾಗಿದ್ದರೆ ಮರವೂ ಮೆತ್ತಗಾಗುತ್ತದೆ ಎಂದು ಹೆಂಡತಿಗೆ ತತ್ವ ಹೇಳಿದೆ. ಅವಳು ಒಳಗೆ ಹೋಗಿ ಬಹಳ ಹೊತ್ತು ಕೆಮ್ಮಿದಳು.

ಮೂರನೇ ವಾರದ ಶನಿವಾರ, ಸಂಜೆ ಐದೂಕಾಲು. ಇವತ್ತು ಬಟನ್ ಅಂಗಡಿಗೆ ಹೋಗೇಬಿಡೋಣ ಎಂದು ಅತ್ತೆಯೇ ಅಂದರು. ಇಸ್ತ್ರಿ ಮಾಡಿದ ಸೀರೆ ಉಟ್ಟಿದ್ದರು. ಸೊಂಟಪಟ್ಟಿ ಕಟ್ಟಿದೆಯೇ ಎಂದು ನಾನು ಮೂರು ಸಲ ಕೇಳಿದೆ. ಸೀರೆಯ ಮೇಲಿನಿಂದಲೇ ತಟ್ಟಿ ತೋರಿಸಿದರು. ತೋಳು ಅಗಲಿಸಿ ಹಿಮ್ಮುಖವಾಗಿ ಹೊರಟೆ. ಹನ್ನೊಂದು ಮೆಟ್ಟಿಲು ಸಲೀಸಾಗಿ ಮುಗಿದವು. ತಿರುವಿನಲ್ಲಿ, ಈ ಹಾಳೆಯ ಮೇಲೆ ನಾನೇ ನಲವತ್ತು ಸಲ ಗುಂಡು ಬಿಟ್ಟಿದ್ದೇನೆ ಅತ್ತೆ, ಏನೂ ಹೆದರಬೇಡಿ ಎನ್ನುತ್ತಾ ಹಿಂದಕ್ಕೆ ಕಾಲಿಟ್ಟೆ. ಕಾಲಿಗೆ ಮೆಟ್ಟಿಲು ಸಿಗಲಿಲ್ಲ.

ಉಳಿದ ಒಂಬತ್ತು ಮೆಟ್ಟಿಲುಗಳನ್ನು ನಾನು ಕುಳಿತುಕೊಂಡೇ ಇಳಿದೆ. ಒಂದೊಂದಕ್ಕೂ ಠಕ್ ಎಂದು ಸದ್ದಾಯಿತು. ಒಂಬತ್ತನೇ ಸದ್ದಿಗೆ ಕೆಳಮನೆಯ ಪಿಟೀಲು ಮೇಷ್ಟ್ರು ಬಾಗಿಲು ತೆರೆದು, ಏನಾದರೂ ಪಾರ್ಸೆಲ್ ಬಂತೇ ಎಂದು ಕೇಳಿ, ನನ್ನನ್ನು ನೋಡಿ, ಮತ್ತೆ ಹಾಕಿಕೊಂಡರು.

ಮುಗಿಯಿತು ನನ್ನ ಕಥೆ ಎಂದು ಕಣ್ಣು ಮುಚ್ಚಿ ನೋವಿಗಾಗಿ ಕಾದೆ. ಬರಲಿಲ್ಲ. ಇನ್ನೂ ಸ್ವಲ್ಪ ಕಾದೆ. ಆಗಲೂ ಬರಲಿಲ್ಲ. ಅಷ್ಟರಲ್ಲಿ ನನ್ನ ಭುಜದ ಮೇಲೆ ಒಂದು ಕೈ ಬಿತ್ತು, ಪೆಟ್ಟಾಯಿತೇ ಎಂದು ಯಾರೋ ಏದುಸಿರು ಬಿಡುತ್ತಾ ಕೇಳಿದರು. ಕಣ್ಣು ಬಿಟ್ಟರೆ ಅತ್ತೆ.

ಅತ್ತೆ ನನ್ನ ಪಕ್ಕದಲ್ಲಿದ್ದರು. ಅವರ ಕೋಲು ಮೇಲೆ ತಿರುವಿನಲ್ಲಿ ಬಿದ್ದಿತ್ತು. ನಾನು ಕೋಲನ್ನು ನೋಡಿದೆ, ಅತ್ತೆಯನ್ನು ನೋಡಿದೆ. ಆಗ ಅವರೂ ತಿರುಗಿ ಕೋಲನ್ನು ನೋಡಿದರು, ತಮ್ಮ ಖಾಲಿ ಕೈಗಳನ್ನು ನೋಡಿಕೊಂಡರು. ಎಂಟು ತಿಂಗಳಿಂದ ಒಂದು ಹೊಸ್ತಿಲು ದಾಟಲು ನಡುಗುತ್ತಿದ್ದ ಹೆಂಗಸು ಒಂಬತ್ತು ಮೆಟ್ಟಿಲನ್ನು ಏನನ್ನೂ ಹಿಡಿಯದೆ, ಯಾರೂ ಹೇಳದೆ, ಓಡಿ ಇಳಿದಿದ್ದರು. ಮೇಷ್ಟ್ರ ಮನೆಯೊಳಗೆ ಪಿಟೀಲಿನ ತಂತಿಯೊಂದು ಸುಮ್ಮನೆ ಕುಂಯ್ಗುಟ್ಟಿತು.

"ನೀವು ಓಡಿ ಬಂದ್ರಿ ಅತ್ತೆ," ಎಂದೆ. "ಸದ್ಯ, ಸೊಂಟಪಟ್ಟಿ ಕಟ್ಟಿದ್ರಿ."

"ಅದರಲ್ಲಿ ಹಳೇ ಟವೆಲ್ಲು ತುಂಬಿದ್ದೀನಿ. ನಿಮ್ಮ ಆ ಕಿತ್ತಳೆ ತುಂಡುಗಳ ಮೇಲೆ ನೀವೇ ಕೂತಿದ್ದೀರಿ, ಅಳಿಯಂದ್ರೇ."

ನಾನು ಮೆಲ್ಲಗೆ ಕೈ ಹಿಂದಕ್ಕೆ ಹಾಕಿ ಮುಟ್ಟಿ ನೋಡಿಕೊಂಡೆ. ಕಂದು ಪ್ಯಾಂಟಿನ ಒಳಗೆ, ಎಡಕ್ಕೊಂದು ಬಲಕ್ಕೊಂದು, ಮೆತ್ತಗೆ ಇದ್ದವು. ಹೊಲಿಗೆ ಎಷ್ಟು ನೇರವಾಗಿತ್ತೆಂದರೆ ಬೆರಳಿಗೆ ಸಿಗುತ್ತಿರಲಿಲ್ಲ. ನಾನು ಹಿಮ್ಮುಖವಾಗಿ ಇಳಿದ ಮೊದಲ ದಿನದ ಮರುಮಧ್ಯಾಹ್ನವೇ, ನಾನು ಕಾರ್ಖಾನೆಯಲ್ಲಿ ಗುಂಡು ಬಿಡುತ್ತಿರುವಾಗ, ಅತ್ತೆ ಎಂಟು ತಿಂಗಳಿಂದ ಮುಟ್ಟದ ಹೊಲಿಗೆ ಯಂತ್ರದ ಮುಸುಕು ತೆಗೆದಿದ್ದರಂತೆ. ದಾರ ಪೋಣಿಸಿ ಕೊಟ್ಟವಳು ನನ್ನ ಧರ್ಮಪತ್ನಿ. ಸದ್ದು ಕೇಳಿ ಬಂದ ಅವಳೀಗ ತಿರುವಿನಲ್ಲಿ ಕೋಲು ಹಿಡಿದು ನಿಂತು ಕಣ್ಣೊರೆಸಿಕೊಳ್ಳುತ್ತಿದ್ದಳು. ನಗುತ್ತಿದ್ದಳೋ ಅಳುತ್ತಿದ್ದಳೋ, ಕೆಳಗಿನಿಂದ ತಿಳಿಯಲಿಲ್ಲ.

"ಹಾಗಾದ್ರೆ ನೀವು ಇಷ್ಟು ದಿನ ಏನೂ ಇಲ್ಲದೆ ಇಳಿದ್ರಾ? ಭಯ ಆಗಲಿಲ್ವಾ?"

"ಆಯ್ತು. ನಿಮ್ಮನ್ನ ನೋಡಿ," ಎಂದರು ಅತ್ತೆ. "ನಾನು ಬಿದ್ರೆ ನೋಡ್ಕೊಳ್ಳೋಕೆ ಮಗಳಿದ್ದಾಳೆ. ನೀವೂ ಬಿದ್ರೆ ಅವಳೊಬ್ಬಳೇ ಇಬ್ಬರನ್ನ ಹೇಗೆ ಎತ್ತುತ್ತಾಳೆ ಅಂತ ನಿಮ್ಮ ಕಾಲಿನ ಮೇಲೇ ಕಣ್ಣಿಟ್ಟೆ. ನನ್ನ ಕಾಲು ನೆನಪಾಗಲೇ ಇಲ್ಲ."

ಹತ್ತೊಂಬತ್ತು ವರ್ಷ ಪೆಟ್ಟನ್ನು ಅಳೆದವನು ನಾನು. ಆ ಸಂಜೆ ಮೆಟ್ಟಿಲ ಬುಡದಲ್ಲಿ ಕೂತು ನೋಡಿದ್ದನ್ನು ಯಾವ ಯಂತ್ರದಲ್ಲಿ ಅಳೆಯಬೇಕೋ ನನಗೆ ಗೊತ್ತಿಲ್ಲ. ಅತ್ತೆ ಬೀದಿಯಲ್ಲಿ ಕೈ ಬೀಸಿಕೊಂಡು ಮುಂದೆ ನಡೆದರು, ನಾನು ಅವರ ಕೋಲು ಹೊತ್ತು ಹಿಂದೆ ನಡೆದೆ. ಬಟನ್ ಅಂಗಡಿಯವರು ಇವರನ್ನು ನೋಡಿ, ಡಬ್ಬಿ ಮುಚ್ಚುವುದನ್ನೂ ಮರೆತು ಎದ್ದು ನಿಂತರು. ಇಬ್ಬರೂ ಕೈ ಹಿಡಿದುಕೊಂಡು, ಎಂಟು ತಿಂಗಳ ಬಾಕಿ ಜಗಳವನ್ನು ಒಂದೇ ಗಂಟೆಯಲ್ಲಿ ಆಡಿ ಮುಗಿಸಿದರು. ಅದರಲ್ಲಿ ಹತ್ತು ನಿಮಿಷ ನನ್ನ ಹೊಲಿಗೆಯ ಬಗ್ಗೆ ಇತ್ತು. ಆ ಒಂದು ವಿಷಯದಲ್ಲಿ ಮಾತ್ರ ಅವರಿಬ್ಬರಿಗೂ ಒಂದೇ ಅಭಿಪ್ರಾಯ.

ಈಗ ಅತ್ತೆ ದಿನಾ ಸಂಜೆ ಹೋಗುತ್ತಾರೆ, ಕೋಲು ಬೇಕಿಲ್ಲ. ನಾನು ಜೊತೆಗೆ ಹೋಗುವುದಾದರೆ ಕಂದು ಪ್ಯಾಂಟನ್ನೇ ಹಾಕಿರಬೇಕೆಂದು ಮನೆಯಲ್ಲಿ ಕಾನೂನಾಗಿದೆ. ಹಾಕಿದ್ದೇನೆ ಎಂದರೆ ಬಾಯಿಮಾತು ನಂಬುವುದಿಲ್ಲ, ಬಾಗಿಲ ಒಳಗಿನ ಕತ್ತಲ ಓಣಿಯಲ್ಲಿ ಕಂದು ಯಾವುದು ಬೂದು ಯಾವುದು ತಿಳಿಯುವುದೂ ಇಲ್ಲ. ಅಳಿಯನ ಮೈಮೇಲೆ ಕೋಲೆತ್ತುವುದು ಮರ್ಯಾದೆಯಲ್ಲವೆಂದು ಅತ್ತೆ ಆ ಕೆಲಸವನ್ನು ಮಗಳಿಗೆ ಒಪ್ಪಿಸಿದ್ದಾರೆ. ಬಾಗಿಲ ಬಳಿ ನಾನು ಗೋಡೆಗೆ ಮುಖ ಮಾಡಿ ನಿಲ್ಲಬೇಕು, ಅವಳು ಆ ನಿರುದ್ಯೋಗಿ ಕೋಲಿನಿಂದ ಒಂದು ಏಟು ಹಾಕುತ್ತಾಳೆ. ಠಕ್ ಎಂದರೆ ಉತ್ತೀರ್ಣ. ದಿನವಿಡೀ ಪರೀಕ್ಷೆ ಮಾಡುವವನಿಗೆ ಸಂಜೆ ಮನೆಯಲ್ಲಿ ಪರೀಕ್ಷೆ.

ನಿನ್ನೆ ಕಂದು ಪ್ಯಾಂಟು ಒಗೆಯಲು ಹೋಗಿತ್ತು. ಬೂದು ಪ್ಯಾಂಟು ಹಾಕಿದ್ದೇನೆ ಎಂದು ಹೇಳಬೇಕಿತ್ತು, ಆದರೆ ಪ್ರಯೋಗಾಲಯದ ಮನುಷ್ಯನಾದ್ದರಿಂದ ಪೀಠಿಕೆಯಿಲ್ಲದೆ ನನಗೆ ಏನನ್ನೂ ಹೇಳಲು ಬರುವುದಿಲ್ಲ. ಪೀಠಿಕೆ ಮುಗಿಯುವಷ್ಟರಲ್ಲಿ ಪರೀಕ್ಷೆ ಮುಗಿದಿತ್ತು. ಇದನ್ನೆಲ್ಲ ಅಡುಗೆಮನೆಯ ಕಟ್ಟೆಯ ಮೇಲೆ ಹಾಳೆಯಿಟ್ಟುಕೊಂಡು, ನಿಂತುಕೊಂಡೇ ಬರೆದಿದ್ದೇನೆ.