ಸೀರೆ ಉಟ್ಟು ಕಲಿತ ಕಪ್ಪೆ ಈಜು

ಡ್ರಿಲ್ ಮೇಷ್ಟ್ರನ್ನು ನೋಡಿ ನಗಲು ಜನ ಕಾರಣ ಹುಡುಕಬೇಕಾಗಿಲ್ಲ. ದಿನಕ್ಕೊಂದು ಅವನೇ ಒದಗಿಸುತ್ತಾನೆ. ಅರವತ್ತರ ದಶಕದಲ್ಲಿ ನಾನು ತೀರ್ಥಹಳ್ಳಿ ಹತ್ತಿರದ ಹೊಳೆದಂಡೆಯ ಶಾಲೆಯೊಂದಕ್ಕೆ ಆ ಕೆಲಸಕ್ಕೆ ಸೇರಿದೆ. ಕೆಲಸ ಕಾಯಂ ಆಗಬೇಕಾದರೆ ಸಾಗರ ಪೇಟೆಯ ಕೆರೆಯಲ್ಲಿ ನಡೆಯುವ ಪರೀಕ್ಷೆಯಲ್ಲಿ ಕಪ್ಪೆ ಈಜು ಈಜಿ ಪಾಸಾಗಬೇಕು. ಫೇಲಾದರೆ ಮನೆಗೆ. ಮದುವೆಯಾಗಿ ಮೂರೇ ತಿಂಗಳು. ನನ್ನ ಕೈ ಸರಿಯಿತ್ತು, ಕಾಲು ಮಾತ್ರ ಹೇಳಿದ ಮಾತು ಕೇಳುತ್ತಿರಲಿಲ್ಲ.

೧. ಬೀಗದ ಕೈ

ಕಾಲೊದೆತವನ್ನು ಪುಸ್ತಕ ನೋಡಿ ಕಲಿಯಲು ಹೊರಟೆ. ಸ್ಟಾಫ್ ರೂಮಿನ ಬೆಂಚಿನ ಮೇಲೆ ಬೋರಲು ಮಲಗಿ, ಹಿಮ್ಮಡಿ ಎಳೆದು ಎಳೆದು ಒದೆಯುತ್ತಿದ್ದೆ. ಒಳಗೆ ಬಂದ ಹೆಡ್‌ಮಾಸ್ಟರು ನನಗೆ ಫಿಟ್ಸ್ ಬಂದಿದೆ ಎಂದುಕೊಂಡು, ತಮ್ಮ ಬೀಗದ ಕೈ ಗೊಂಚಲನ್ನು ನನ್ನ ಮುಷ್ಟಿಗೆ ತುರುಕಿ ಗಟ್ಟಿಯಾಗಿ ಹಿಡಿದುಕೊಂಡರು.

“ಸಾರ್, ಈಜು ಕಲೀತಿದೀನಿ” ಎಂದೆ.

“ಹೌದೌದು, ಈಜಿ. ಕಬ್ಬಿಣ ಮಾತ್ರ ಬಿಡಬೇಡಿ” ಎಂದರು.

೨. ಎರಡು ದಡ

ಪುಸ್ತಕ ಬಿಟ್ಟು ಹೊಳೆಗೆ ಇಳಿದೆ. ಅಲ್ಲಿ ದೋಣಿ ದಾಟಿಸುತ್ತಿದ್ದ ಹೆಂಗಸೊಬ್ಬರನ್ನು ಊರೆಲ್ಲ ಅಕ್ಕ ಎನ್ನುತ್ತಿತ್ತು. ನನ್ನ ಒದ್ದಾಟ ಕಂಡು, ದೋಣಿ ತುಂಬ ಜನರಿದ್ದರೂ ಹುಟ್ಟು ಹಾಕುವುದನ್ನು ನಿಲ್ಲಿಸಿದರು.

“ಮೇಷ್ಟ್ರೆ, ಎತ್ಲಾಗೆ ಹೊರಟಿದೀರಿ?”

“ಆಚೆ ದಡಕ್ಕೆ, ಅಕ್ಕ.”

“ಹಂಗಾದ್ರೆ ತಿರುಗಿ ಒದೀರಿ. ಈಗ ಈಚೆ ದಡಕ್ಕೇ ವಾಪಸ್ ಹೋಗ್ತಿದೀರಿ.”

೩. ಗುರು

ಮರುದಿನ ನಾಚಿಕೆ ಬಿಟ್ಟು ಅವರನ್ನೇ ಕಲಿಸಲು ಕೇಳಿದೆ. ಒಂದೇ ಒದೆತ ನೋಡಿ ಅಕ್ಕ ತಪ್ಪು ಹಿಡಿದರು. “ಮೊಣಕಾಲು ಅಷ್ಟಗಲ ಯಾಕೆ ಬಿಡ್ತೀರಿ? ಮೊಣಕಾಲು ಹತ್ರ ಇರ್ಲಿ, ಪಾದ ಹೊರಗೆ ತಿರುಗ್ಲಿ. ನೀರು ತಳ್ಳಿ, ಕಾಲು ಕೂಡ್ಸಿ, ಆಮೇಲೆ ಸುಮ್ನೆ ಜಾರಿ.”

ಹೇಳಿದವರೇ ಉಟ್ಟ ಸೀರೆಯಲ್ಲೇ ಧುಮುಕಿದರು. ನಾಲ್ಕು ಒದೆತಕ್ಕೆ ನಡುಹೊಳೆಯಲ್ಲಿದ್ದರು. ನೀರು ಸಿಡಿಯಲಿಲ್ಲ, ಸದ್ದೂ ಆಗಲಿಲ್ಲ. ನಾನು ಬಾಯಿ ಬಿಟ್ಟು ನೋಡಿದೆ. ಇವತ್ತಿಗೂ ಅಂಥ ಈಜು ಕಂಡಿಲ್ಲ.

“ಯಾರು ಕಲಿಸಿದ್ರು ಅಕ್ಕ?”

“ಸೀರೆ. ಮೊಣಕಾಲು ಅಗಲ ಮಾಡಾಕೆ ಇದು ಬಿಡ್ತದಾ? ನಾಳೆ ಹೆಂಡ್ತಿದು ಒಂದು ಹಳೇ ಸೀರೆ ತನ್ನಿ.”

ಹದಿನೈದು ದಿನ ಸೀರೆ ಉಟ್ಟು ಈಜಿದೆ. ನನ್ನ ಹೆಂಡತಿಯೂ ದಡದಲ್ಲಿ ನಿಂತು ತಿದ್ದುತ್ತಿದ್ದಳು, ಈಜನ್ನಲ್ಲ, ನೆರಿಗೆಯನ್ನು.

೪. ಸಾಗರದ ಕೆರೆ

ಪರೀಕ್ಷೆಯ ದಿನ ಚಡ್ಡಿಯಲ್ಲಿ ಇಳಿದೆ. ಹಿಡಿದಿಡಲು ಸೀರೆಯಿಲ್ಲದೆ ಮೊಣಕಾಲು ಮತ್ತೆ ಅಗಲವಾದವು. ಪರೀಕ್ಷಕರು ಸೀಟಿ ಊದಿದರು. “ಕೊನೇ ಅವಕಾಶ” ಎಂದರು.

ಮೇಲೆ ಬಂದು, ಇರಲಿ ಎಂದು ಹೆಂಡತಿ ಚೀಲಕ್ಕೆ ಹಾಕಿದ್ದ ಸೀರೆ ತೆಗೆದು ಉಟ್ಟೆ. ದಡದಲ್ಲಿದ್ದವರು ಹೊಟ್ಟೆ ಹಿಡಿದುಕೊಂಡು ನಕ್ಕರು. ಪರೀಕ್ಷಕರು ನಿಯಮದ ಪುಸ್ತಕವನ್ನೆಲ್ಲ ತಿರುವಿ ಹಾಕಿದರು. ಸೀರೆ ಉಡಬಾರದೆಂದು ಎಲ್ಲೂ ಇರಲಿಲ್ಲ. ಅರ್ಧ ದೂರ ಹೋಗುವಷ್ಟರಲ್ಲಿ ನಗು ನಿಂತಿತ್ತು. ಪರೀಕ್ಷಕರು ನನ್ನ ಕಾಲನ್ನೇ ನೋಡುತ್ತ ದಡದುದ್ದಕ್ಕೂ ನಡೆದು ಬಂದು, ಪಾಸು ಮಾಡಿ, ಮೆಲ್ಲಗೆ ಕೇಳಿದರು, “ಯಾರ ಹತ್ರ ಕಲಿತ್ರಿ?” ಎದೆಯುಬ್ಬಿಸಿ ಅಕ್ಕನ ವಿಷಯವನ್ನೆಲ್ಲ ಹೇಳಿದೆ.

ಮುಂದಿನ ಭಾನುವಾರ ಆ ಪರೀಕ್ಷಕರೇ ಬಗಲಲ್ಲಿ ಗಂಟು ಹಿಡಿದು ನಮ್ಮೂರಲ್ಲಿ ಬಸ್ಸಿಳಿದು ಹೊಳೆಗೆ ಬಂದರು. ಅಕ್ಕ ಗಂಟು ಬಿಚ್ಚಿ ಸೀರೆಯ ಸೆರಗು ಮುಟ್ಟಿ ನೋಡಿದರು.

“ಹಳೇದು ತರ್ಬೇಕಿತ್ತು ಸಾಹೇಬ್ರೆ. ಇದು ಹೊಸಾ ರೇಷ್ಮೆ. ಹೆಂಡ್ತಿನ ಕೇಳಿ ತಂದ್ರಾ?”

“ಕೇಳೋ ಧೈರ್ಯ ಇದ್ದಿದ್ರೆ ಹಳೇದೇ ಸಿಕ್ತಿತ್ತು” ಎಂದರು ಸಾಹೇಬರು.